ಕಪಾಟಿನ ಮೇಲಿನ ಎರಡು ಗೇಣು

ಮನುಷ್ಯನ ಯೋಗ್ಯತೆಯನ್ನು ಅಳೆಯಬೇಕಾದದ್ದು ಅವನು ಬೇಡವೆಂದ ವಸ್ತುಗಳಿಂದ. ಈ ಘನತತ್ವವನ್ನು ಗಂಟು ಕಟ್ಟಿಕೊಂಡು ಜರ್ಮನಿಗೆ ಬಂದ ನಾನು ಮೊದಲ ಒಂದೆರಡು ವರ್ಷ ಎಷ್ಟೋ ಸಹೋದ್ಯೋಗಿಗಳ ಮನೆಗೆ ಊಟಕ್ಕೆ ಹೋಗಿ, ಹಸಿದುಕೊಂಡು ವಾಪಸು ಬಂದು, ಅಡುಗೆಮನೆಯಲ್ಲಿ ನಿಂತೇ ಅವಲಕ್ಕಿ ತಿಂದಿದ್ದೇನೆ.

ನಮ್ಮ ವಿಜಯಪುರದ ಕಡೆ ಈ ವಿಷಯದಲ್ಲಿ ಪದ್ಧತಿ ಬಹಳ ಸ್ಪಷ್ಟ. ಮನೆಯವರು "ಇನ್ನೊಂದು ಹೋಳಿಗಿ ಹಾಕ್ಲ್ಯಾ?" ಎಂದು ಕೇಳಿದರೆ ಅತಿಥಿಯಾದವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಬ್ಯಾಡ್ರಿ, ಬ್ಯಾಡ್ರಿ, ಹೊಟ್ಟಿ ತುಂಬೇತಿ" ಅನ್ನಬೇಕು. ಮನೆಯವರು "ಏ, ಏನ್ ತಿಂದೀರಿ, ಗುಬ್ಬಿ ತಿಂದ್ಹಂಗ" ಎನ್ನುತ್ತ ಬೆರಳ ಸಂದಿಯಲ್ಲೇ ಹೋಳಿಗೆ ತೂರಿಸಲು ನೋಡಬೇಕು. ಮತ್ತೆ ಬೇಡ, ಮತ್ತೆ ಆಗ್ರಹ. ಮೂರನೆಯ ಸಲಕ್ಕೆ ರಾಜಿಯಾಗುತ್ತದೆ. ಮೊದಲ ಸಲಕ್ಕೇ ಹೂಂ ಅಂದವನು ಆಸೆಬುರುಕ. ಒಂದೇ ಸಲ ಕೇಳಿ ಸುಮ್ಮನಾದ ಮನೆಯವರನ್ನು ಏನೆನ್ನುತ್ತಾರೆ ಎಂಬುದನ್ನು ಅಚ್ಚು ಹಾಕಿಸುವುದು ಸರಿಯಲ್ಲ.

ಜರ್ಮನಿಯಲ್ಲಿ ಬೇಡ ಅಂದರೆ ಪಾತ್ರೆಗೆ ಮುಚ್ಚಳ ಬಿದ್ದು ಅದು ಒಳಗೆ ಹೋಗುತ್ತದೆ. ಇದನ್ನು ನಾನು ಕಲಿತೆ. ಕಾಫಿಗೆ ಕಲಿತೆ, ಕೇಕಿಗೆ ಕಲಿತೆ, ಕಾರಿನಲ್ಲಿ ಮನೆತನಕ ಬಿಡುತ್ತೇನೆ ಅಂದವರಿಗೂ ಮೊದಲ ಸಲಕ್ಕೇ ಹೂಂ ಅನ್ನುವಷ್ಟು ನಾಚಿಕೆ ಬಿಟ್ಟೆ. ಹೀಗಾಗಿ, ಮುಂದೆ ಆದದ್ದಕ್ಕೆ "ನನಗೆ ಇಲ್ಲಿನ ರೀತಿ ಗೊತ್ತಿರಲಿಲ್ಲ" ಎಂದು ಹೇಳಿಕೊಳ್ಳುವ ಸೌಲಭ್ಯ ಕೂಡ ನನಗಿಲ್ಲ.

ಸ್ಟುಟ್‌ಗಾರ್ಟ್‌ನ ಫೊಯರ್‌ಬಾಕ್‌ನಲ್ಲಿ ನಮ್ಮ ಮನೆ. ಕಾರ್ಖಾನೆಯೊಂದರ ಅಳತೆ ಕೋಣೆಯಲ್ಲಿ ನನ್ನ ಕೆಲಸ: ಬಂದ ಬಿಡಿಭಾಗ ನಕ್ಷೆಯಲ್ಲಿ ಹೇಳಿದಷ್ಟೇ ಇದೆಯೋ ಕೂದಲೆಳೆ ಹೆಚ್ಚುಕಡಿಮೆ ಇದೆಯೋ ನೋಡಿ, ಇದ್ದರೆ ವಾಪಸು ಕಳಿಸುವುದು. ನಮ್ಮ ಮೇಲಿನ ಮಹಡಿಯಲ್ಲಿ, ಲಿಫ್ಟಿಲ್ಲದ ಆ ಕಟ್ಟಡದ ತುತ್ತತುದಿಯಲ್ಲಿ, ಒಬ್ಬ ಅಮೆರಿಕನ್ ಮುದುಕರಿದ್ದರು. ನಮ್ಮ ಮನೆಯೊಳಗೆ ಅವರ ಹೆಸರು "ಮ್ಯಾಗಿನ ಅಜ್ಜ". ಕಟ್ಟಡಕ್ಕೆಲ್ಲ ಪರದೇಶಿಗಳೆಂದರೆ ಅವರು ಮತ್ತು ನಾವು. ಮೆಟ್ಟಿಲು ಗುಡಿಸುವ ವಾರದ ಸರದಿ ಇಲ್ಲಿ ದೇವಕಾರ್ಯಕ್ಕೆ ಸಮ. ಅದಕ್ಕೆ ಕೇರ್‌ವೊಖೆ ಎಂದು ಹೆಸರು. ನೆಲಮಹಡಿಯ ಹೆಂಗಸು ಸರದಿ ಮುಗಿದ ಮೇಲೆ ಮೂಲೆಮೂಲೆಗೆ ಬೆರಳು ಒತ್ತಿ ನೋಡುತ್ತಿದ್ದರು. ಅಜ್ಜ ಗುಡಿಸಿದ್ದೂ ಆಕೆಗೆ ಸೇರುತ್ತಿರಲಿಲ್ಲ, ನಾನು ಗುಡಿಸಿದ್ದೂ ಸೇರುತ್ತಿರಲಿಲ್ಲ. ಸ್ನೇಹ ಬೆಳೆಯಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಅಜ್ಜ ನಿಸರ್ಗಚಿತ್ರಗಾರರು. ಊರು ಕ್ಯಾನ್ಸಸ್. ಹರೆಯದಲ್ಲಿ ಸೈನ್ಯದವರು ಅವರನ್ನು ಸ್ಟುಟ್‌ಗಾರ್ಟಿಗೆ ಹಾಕಿದ್ದರು. ಇಲ್ಲಿ ಒಂದು ಬ್ರೆಡ್ ಅಂಗಡಿಯವರ ಮಗಳನ್ನು ಮದುವೆಯಾಗಿ ಊರಿಗೆ ಕರಕೊಂಡು ಹೋದರು. ಅಲ್ಲಿ ಶಾಲೆಯಲ್ಲಿ ಚಿತ್ರಕಲೆ ಮಾಸ್ತರಿಕೆ. ಉಳಿದ ಹೊತ್ತೆಲ್ಲ ತಮ್ಮ ಜಿಲ್ಲೆಯನ್ನು ಬರೆಯುವುದು. ಪಕ್ಕದ ಜಿಲ್ಲೆಯನ್ನು ಬರೆಯಲಿಲ್ಲ, ಯಾಕೆಂದು ಕೇಳಿದರೆ "ಅಲ್ಲಿ ಪರಿಚಯದವರಿಲ್ಲ" ಅನ್ನುತ್ತಿದ್ದರು. ಪರಿಚಯದವರೆಂದರೆ ಬೇಲಿ, ದಾರಿ, ದವಸ ತುಂಬುವ ಎತ್ತರದ ಕಾಂಕ್ರೀಟ್ ಕಣಜ.

ಕೆಲಸ ಮಾಡುತ್ತಿದ್ದದ್ದು ಹೊಲದ ಅಂಚಿನಲ್ಲಿ, ತಮ್ಮ ಟ್ರಕ್ಕಿನ ಹಿಂಬಾಗಿಲು ಇಳಿಸಿಕೊಂಡು, ಅದರ ಮೇಲೆ. ಕ್ಯಾನ್ವಾಸು ಗಾಳಿಗೆ ಪಟದಂತೆ ಹಾರುತ್ತದೆಂದು ಹಾರ್ಡ್‌ಬೋರ್ಡಿನ ಮೇಲೇ ಬರೆಯುತ್ತಿದ್ದರು. ಮೊದಲು ಇಡೀ ಹಲಗೆಗೆ ಕೆಮ್ಮಣ್ಣಿನ ಬಣ್ಣ ಬಳಿಯುವುದು, ಅದು ಒಣಗಿದ ಮೇಲೆ ಆಕಾಶ, ಕಟ್ಟಕಡೆಗೆ ನೆಲ. ಹಸಿ ಬಣ್ಣಕ್ಕೆ ಮಿಡತೆಗಳು ಬಂದು ಅಂಟುತ್ತಿದ್ದವಂತೆ. "ನನ್ನ ಆಕಾಶಗಳಲ್ಲಿ ಹಕ್ಕಿ ಇಲ್ಲ, ಕಾಲುಗಳು ಮಾತ್ರ ಇವೆ" ಎಂದು ಒಂದೆರಡು ಕಡೆ ಬೆರಳಿಟ್ಟು ತೋರಿಸಿದ್ದರು.

ಕೊಂಡವರು ಯಾರು? ಊರ ಬ್ಯಾಂಕು, ಹಲ್ಲಿನ ಡಾಕ್ಟರುಗಳು, ಶವಸಂಸ್ಕಾರ ಮಾಡಿಸುವ ಕಂಪನಿಯ ಕಾಯುವ ಕೋಣೆ. ಒಮ್ಮೆ ದೊಡ್ಡ ಊರಿನ ಗ್ಯಾಲರಿಯವನೊಬ್ಬ ಬಂದು, ಮಧ್ಯಾಹ್ನವೆಲ್ಲ ನೋಡಿ, "ಬಹಳ ಪ್ರಾದೇಶಿಕವಾಗಿವೆ" ಅಂದನಂತೆ. "ನಾನು ಥ್ಯಾಂಕ್ಸ್ ಹೇಳಿದೆ" ಅಂದರು ಅಜ್ಜ. "ಹೊಗಳಿದ ಅಂತ ಎರಡು ವರ್ಷ ಅಂದುಕೊಂಡಿದ್ದೆ. ಆಮೇಲೆ ಹೆಂಡತಿ ಬಿಡಿಸಿ ಹೇಳಿದಳು."

ಇನ್ನೊಂದು ಸಂಗತಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅಜ್ಜ ಚಿತ್ರಗಳನ್ನು ಗೋಡೆಯ ಅಳತೆಗೆ ಮಾಡಿಕೊಡುತ್ತಿದ್ದರು. ಗಿರಾಕಿ ಬಂದರೆ ಮೊದಲ ಪ್ರಶ್ನೆ, "ಸೋಫಾ ಎಷ್ಟುದ್ದ?" ಅಂಗಡಿಯಿಂದ ದೊಡ್ಡ ಹಲಗೆ ತಂದು ಆ ಅಳತೆಗೆ ಕೊಯ್ದು ಬರೆಯುವುದು. ಮೊದಲು ಹಾಗಿರಲಿಲ್ಲವಂತೆ. ಬ್ಯಾಂಕಿನವರು ಹೊಸ ಕಟ್ಟಡಕ್ಕೆ ಹೋದಾಗ ಇವರ ಚಿತ್ರ ಅಲ್ಲಿನ ಗೋಡೆಗೆ ಎತ್ತರವಾಯಿತು. ಒಂದು ದಿನ ಯಾವುದೋ ಕೆಲಸಕ್ಕೆ ಹೋದಾಗ ಬಾಯ್ಲರ್ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಪೈಪಿನ ಸಾಲಿನ ಹಿಂದೆ ಇವರ ಗೋಧಿ ಹೊಲ ತಲೆಕೆಳಗಾಗಿ ನಿಂತಿತ್ತು. ಎತ್ತಿಕೊಂಡು ಮನೆಗೆ ತಂದು, ಮೇಲಿನಿಂದ ಕೊಯ್ದು ಸಣ್ಣದು ಮಾಡಿ, ತಾವೇ ಒಯ್ದು ತೂಗು ಹಾಕಿ ಬಂದರು. "ಗೋಡೆಗೆ ಹಿಡಿಸದ ಚಿತ್ರ ಬಾಯ್ಲರ್ ಕೋಣೆಗೆ ಹೋಗುತ್ತದೆ. ಹಿಡಿಸುವ ಹಾಗೆ ಮಾಡಿಬಿಟ್ಟರೆ ಗೋಡೆಯ ಮೇಲಿರುತ್ತದೆ. ಇದರಲ್ಲಿ ಬೇಜಾರು ಏನು?" ಅನ್ನುತ್ತಿದ್ದರು. ಬೇಜಾರಿತ್ತು ಎನ್ನುವುದು ಅವರು ಕೇಳಿದ ರೀತಿಯಲ್ಲೇ ತಿಳಿಯುತ್ತಿತ್ತು.

ಆದರೆ ಒಂದನ್ನು ಕೊಯ್ದಿರಲಿಲ್ಲ. ಅಂಗಡಿಯಲ್ಲಿ ಹೇಗೆ ಸಿಗುತ್ತದೋ ಹಾಗೆಯೇ, ಪೂರ್ತಿ ಹಲಗೆ, ಆಳುದ್ದಕ್ಕಿಂತ ಉದ್ದ, ಎದೆಮಟ್ಟದ ಎತ್ತರ. ಯಾರೂ ಹೇಳಿ ಮಾಡಿಸಿದ್ದಲ್ಲ. ಹೆಂಡತಿಯ ಆಸೆಯಂತೆ ನಿವೃತ್ತಿಯ ನಂತರ ಜರ್ಮನಿಗೆ ಬಂದಾಗ ಹಾಸಿಗೆ ಮಂಚ ಮಾರಿ ಇದನ್ನು ಮಾತ್ರ ತಂದರು. ಮೆಟ್ಟಿಲಲ್ಲಿ ತಿರುಗಲಿಲ್ಲವೆಂದು ಹೊರಗಿನಿಂದ ಏಣಿ ಲಿಫ್ಟು ಹಚ್ಚಿ ಕಿಟಕಿಯೊಳಗೆ ತೂರಿಸಿದರಂತೆ. ಇಲ್ಲಿಗೆ ಬಂದ ಮೇಲೂ ಅವರು ಬರೆದದ್ದು ಕ್ಯಾನ್ಸಸನ್ನೇ, ನೆನಪಿನಿಂದ. ಸ್ಟುಟ್‌ಗಾರ್ಟನ್ನು ಒಂದು ಸಲವೂ ಬರೆಯಲಿಲ್ಲ. "ಎತ್ತ ತಿರುಗಿದರೂ ಗುಡ್ಡ. ದ್ರಾಕ್ಷಿ ತೋಟದ ಮೇಲೆ ಕರವಸ್ತ್ರದಷ್ಟು ಆಕಾಶ. ಅದಕ್ಕೆ ಬಣ್ಣ ಯಾಕೆ ಹಾಳು?" ಹೆಂಡತಿ ತೀರಿಕೊಂಡ ಮೇಲೂ ವಾಪಸು ಹೋಗಲಿಲ್ಲ. ಹೋದರೆ ಬರೆದದ್ದು ಸರಿಯಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ ಎಂದರು.

ಭಾನುವಾರದ ಕಾಫಿಗೆ ನಾನು ಮೇಲೆ ಹೋಗುತ್ತಿದ್ದೆ. ನನ್ನ ಕುರ್ಚಿ ಆ ದೊಡ್ಡ ಚಿತ್ರದ ಎದುರಿಗಿತ್ತು. ಅದರಲ್ಲಿ ತಳದಲ್ಲಿ ಗೇಣಿನಷ್ಟು ನೆಲ: ಕಟಾವಾದ ಹೊಲ, ಒಂದು ದಾರಿ, ದೂರದಲ್ಲಿ ಬೆರಳ ಗಾತ್ರದ ಕಣಜ. ಮಿಕ್ಕದ್ದೆಲ್ಲ ಆಕಾಶ. ಬಲಗಡೆ ಒಂದು ಮೋಡ ಎಷ್ಟು ದೊಡ್ಡದೆಂದರೆ ಅದು ಚೌಕಟ್ಟಿನೊಳಗೆ ಬಂದದ್ದೇ ಉಪಕಾರ. ಅದರಿಂದ ಮಳೆ ಓರೆಯಾಗಿ ಇಳಿಯುತ್ತಿತ್ತು, ಯಾರದೋ ಬೇರೆಯವರ ಹೊಲಕ್ಕೆ.

ನಾನು ಹುಟ್ಟಿದ್ದು ಎರೆಭೂಮಿಯಲ್ಲಿ. ಕಡಲೆ ಕಿತ್ತು ಮುಗಿದ ಮೇಲೆ ನಮ್ಮ ಕಡೆಯ ಹೊಲದಲ್ಲಿ ನಿಂತರೆ ಕಣ್ಣಿಗೆ ಅಡ್ಡ ಬರುವುದು ಏನೂ ಇರುವುದಿಲ್ಲ. ಪಕ್ಕದ ಊರಿಗೆ ಬರುವ ಮಳೆಯನ್ನು ಇಲ್ಲಿಂದಲೇ ನೋಡಬಹುದು. ಆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದದ್ದು ಅದನ್ನೇ. ಇದನ್ನು ಅಜ್ಜನಿಗೆ ಒಮ್ಮೆಯೂ ಹೇಳಲಿಲ್ಲ. ನಮ್ಮಲ್ಲಿ ವಸ್ತುವನ್ನು ಬಾಯಿತುಂಬ ಹೊಗಳಿದರೆ ಒಂದೋ ಕೆಟ್ಟ ಕಣ್ಣಿನ ನೆದರು ತಗಲುತ್ತದೆ, ಇಲ್ಲವೇ ಕೇಳಿಕೊಂಡ ಹಾಗಾಗುತ್ತದೆ. ಎರಡೂ ಸಭ್ಯರಿಗೆ ಸಲ್ಲದು. ಅವರು "ಹೇಗಿದೆ?" ಎಂದಾಗ ನಾನು ಬಿಡಿಭಾಗ ಪಾಸು ಮಾಡುವವನ ಗಾಂಭೀರ್ಯದಿಂದ "ಚೆನ್ನಾಗಿದೆ" ಎಂದಷ್ಟೇ ಹೇಳಿದ್ದೆ.

ಕಳೆದ ಚಳಿಗಾಲದಲ್ಲಿ ಅಜ್ಜನ ಸೊಂಟದ ಕೀಲು ಕೈಬಿಟ್ಟಿತು. ಇಷ್ಟು ಮೆಟ್ಟಿಲು ದಿನಾ ಹತ್ತಿಳಿಯುವುದು ಇನ್ನು ಬಹಳ ದಿನ ಸಾಧ್ಯವಿಲ್ಲ ಅಂದರು ಡಾಕ್ಟರು. ಅವರ ಹೆಂಡತಿಯ ಅಕ್ಕನ ಮಗಳು, ಹತ್ತಿರದ ಊರಿನವಳು, ಓಡಾಡಿ ವೃದ್ಧಾಶ್ರಮದಲ್ಲಿ ಒಂದು ಕೋಣೆ ಹಿಡಿದಳು. ಕೋಣೆಯಲ್ಲಿ ಮಂಚ, ಮೇಜು, ಕಿಟಕಿ. ಸಣ್ಣ ಚಿತ್ರಗಳಿಗೆ ಒಂದೊಂದಾಗಿ ಮನೆ ಸಿಕ್ಕಿತು: ಕೆಲವು ಕ್ಯಾನ್ಸಸಿನ ಅವರ ಊರ ಲೈಬ್ರರಿಗೆ, ಕೆಲವು ಆ ಹುಡುಗಿಗೆ, ಒಂದು, ಆಶ್ಚರ್ಯವೆಂದರೆ, ನೆಲಮಹಡಿಯ ಹೆಂಗಸಿಗೆ. ಉಳಿದದ್ದು ದೊಡ್ಡದು. ಅದನ್ನು ಸಮುದ್ರ ದಾಟಿಸುವ ತ್ರಾಣ ಯಾರಿಗೂ ಇರಲಿಲ್ಲ.

"ಇದಕ್ಕೊಂದು ಗೋಡೆ ಸಿಗಬೇಕು" ಎಂದು ಅಜ್ಜ ಮತ್ತೆ ಮತ್ತೆ ಅನ್ನುತ್ತಿದ್ದರು. "ಸಿಕ್ಕರೆ ನಾನು ಆರಾಮಾಗಿ ಹೋಗುತ್ತೇನೆ. ಎಲ್ಲಿಗೆ ಬೇಕಾದರೂ."

ಒಂದು ಶನಿವಾರ ನನ್ನನ್ನೂ ಹೆಂಡತಿಯನ್ನೂ ಕಾಫಿಗೆ ಕರೆದರು. ಕೋಲೂರಿ ಎದ್ದು, ಚಿತ್ರದ ಪಕ್ಕ ನಿಂತು, ಗಂಟಲು ಸರಿ ಮಾಡಿಕೊಂಡರು.

"ಇದನ್ನು ನೀವು ತಗೊಳ್ಳಬೇಕು ಅಂತ ನನ್ನ ಆಸೆ."

ನನ್ನ ಎದೆ ಹಿಗ್ಗಿತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಶುರು ಮಾಡಿತು. "ಅಯ್ಯೋ, ಬೇಡ, ಬೇಡ! ಅದು ಹೇಗಾಗುತ್ತದೆ? ಇಂಥದ್ದು ಮ್ಯೂಸಿಯಮ್ಮಿನಲ್ಲಿ ಇರಬೇಕಾದದ್ದು." ಹೇಳಿದ್ದು ಇಂಗ್ಲಿಷಿನಲ್ಲಿ, ಆದರೆ ಎರಡೂ ಕೈ, ಮುಂದೆ ಎಲೆ ಹಾಸಿದ್ದಾರೋ ಎಂಬಂತೆ, ಅಡ್ಡ ಚಾಚಿಕೊಂಡಿದ್ದವು.

"ಮ್ಯೂಸಿಯಮ್ಮಿನವರು ಕೇಳಿಲ್ಲ" ಅಂದರು ಅಜ್ಜ.

"ನಮ್ಮ ಮನೆಯಲ್ಲಿ ಜಾಗವಾದರೂ ಎಲ್ಲಿದೆ? ನೀವೇ ನೋಡಿದ್ದೀರಿ, ಗೋಡೆ ತುಂಬ ಕಪಾಟು. ಕಪಾಟಿನ ಮೇಲೆ ಇಷ್ಟೇ ಇಷ್ಟು ಉಳಿದಿದೆ." ಎಷ್ಟೆಂದು ಕೈಯಿಂದ ತೋರಿಸಿಯೂ ತೋರಿಸಿದೆ.

ಅಜ್ಜ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಜೀವಮಾನವಿಡೀ ಗಿರಾಕಿಗಳ ಕೈ ನೋಡಿದ ಮನುಷ್ಯ. "ಸರಿ" ಅಂದರು. "ಹೇಳಿದ್ದು ಒಳ್ಳೆಯದಾಯಿತು." ಕೂತು ಕಾಫಿ ಬಗ್ಗಿಸಿದರು. ಆಮೇಲೆ ವೃದ್ಧಾಶ್ರಮದ ಪರದೆಗಳ ಬಣ್ಣದ ಬಗ್ಗೆ ಮಾತಾಡಿದರು.

ನಾನು ಎರಡನೆಯ ಸಲದ ಆಗ್ರಹಕ್ಕೆ ಮೈಯೆಲ್ಲ ಸಿದ್ಧ ಮಾಡಿಕೊಂಡು ಕೂತಿದ್ದೆ. ಕಾಫಿ ಮುಗಿಯಿತು, ಬಿಸ್ಕತ್ತು ಮುಗಿಯಿತು, ಪರದೆಯ ವಿಷಯವೂ ಮುಗಿಯಿತು.

ಕೆಳಗಿಳಿಯುವಾಗ ಮೆಟ್ಟಿಲಲ್ಲೇ ಹೆಂಡತಿ ಶುರು ಮಾಡಿದಳು. "ಏನ್ ಮಂದಿರೀ ನೀವು! ಹಗಲೂ ರಾತ್ರಿ ಆ ಚಿತ್ರದ ಧ್ಯಾನ. ಕೊಡ್ತೀನಿ ಅಂದ್ರ ಬ್ಯಾಡ ಅಂತೀರಿ?"

"ಅಲ್ಲಾ, ಮೊದಲ್ನೇ ಸಲಕ್ಕ ಹೂಂ ಅನ್ಲಿಕ್ಕೆ ನಾ ಏನ್ ಗತಿಗೆಟ್ಟಾಂವ?"

"ಅಜ್ಜಗ ಏನ್ ಗೊತ್ತು ನಿಮ್ಮ ಮೊದಲ್ನೇ ಸಲ, ಎರಡ್ನೇ ಸಲ?"

"ಮತ್ತ ಕೇಳ್ತಾರ, ನೋಡ್ತಿರು."

"ಕೇಳ್ಲಿಲ್ಲಂದ್ರ?"

"ಕೇಳ್ತಾರ ಅಂದ್ನೆಲ್ಲ."

ಮಗಳು ಕಾರ್ಲ್ಸ್‌ರುಹೆಯಲ್ಲಿ ಓದುತ್ತಾಳೆ, ಇಲ್ಲೇ ಹುಟ್ಟಿ ಬೆಳೆದವಳು. ತಾಯಿ ಫೋನಿನಲ್ಲಿ ಎಲ್ಲ ವರದಿ ಒಪ್ಪಿಸಿದ ಮೇಲೆ ನನ್ನನ್ನು ಕರೆಸಿಕೊಂಡಳು. "ಪಪ್ಪಾ, ಇಲ್ಲಿ ನೈನ್ ಅಂದ್ರ ನೈನ್, ಬ್ಯಾಡ ಅಂದ್ರ ಬ್ಯಾಡ. ಅವ್ರು ಮತ್ತ ಕೇಳಂಗಿಲ್ಲ. ಈಗ ಮ್ಯಾಲ ಹೋಗಿ ಬೇಕು ಅಂತ ಹೇಳ್ರಿ. ಒಂದೇ ಸೆಂಟೆನ್ಸ್!"

"ಹಂಗ ಹೋಗಿ ಕೇಳಿದ್ರ ಆಸಿಬುರುಕ ಅನ್ನಂಗಿಲ್ಲೇನು?"

"ಯಾರ್ ಅಂತಾರ?"

ಹಾಗೆ ಅನ್ನಬಹುದಾದವರೆಲ್ಲ ವಿಜಯಪುರದಲ್ಲಿದ್ದರು. ಅವರಿಗೆ ಇದು ಕೇಳಿಸುವ ಸಂಭವವೂ ಇರಲಿಲ್ಲ. ಆದರೂ ಹೋಗಲಿಲ್ಲ. ಮರುದಿನ ಹೋದರಾಯಿತು ಅಂದುಕೊಂಡೆ. ಮರುದಿನ ಭಾನುವಾರ, ಹೋದೆ, ಕುರ್ಚಿಯಲ್ಲಿ ಕೂತೆ, ಮಳೆಯ ಕಡೆ ನೋಡುತ್ತ ಹವಾಮಾನದ ಬಗ್ಗೆ ಮಾತಾಡಿ ಎದ್ದು ಬಂದೆ.

ಮಂಗಳವಾರ ಸಂಜೆ ಹೆಂಡತಿ ತರಕಾರಿ ಚೀಲ ಹಿಡಿದುಕೊಂಡೇ ಒಳಗೆ ಓಡಿ ಬಂದಳು.

"ರೀ, ಕೇಳಿದ್ರು!"

"ಏನ್ ಕೇಳಿದ್ರು?"

"ಅಜ್ಜ, ಮೆಟ್ಲ ಮ್ಯಾಲ ಸಿಕ್ಕಿದ್ರು. ನಿಮ್ಮ ಕಪಾಟಿನ ಮ್ಯಾಲ ಖರೇ ಎಷ್ಟ್ ಜಾಗಾ ಐತಿ, ಅಳದು ಹೇಳ್ತೀಯಾ ಅಂತ. ಟೇಪ್ ತಗೊಂಡು ಈಗ ಅಳದು ಬರದು ಕೊಟ್ ಬರ್ತೀನಿ."

"ನೋಡು! ಎರಡ್ನೇ ಸಲ!" ನಾನು ಎದ್ದೇ ನಿಂತೆ. ಮುದುಕರು ಹೇಗೋ ನಮ್ಮ ಪದ್ಧತಿಗೆ ಬಂದು ಮುಟ್ಟಿದ್ದರು. ನೇರ ಕೇಳದೆ ಹೆಂಗಸರ ಮೂಲಕ ಅಳತೆ ವಿಚಾರಿಸುವುದು ಸಂಭಾವಿತರ ಲಕ್ಷಣ. ಇನ್ನೊಂದು ಸಲ ಕೇಳಿದರೆ ಹೂಂ ಅನ್ನಬಹುದು. ಹೂಂ ಅಂದ ಮೇಲೆ ಗೋಡೆ ಬೇಕಲ್ಲ? ಕಪಾಟು ತೆಗೆಯಬೇಕೆಂದು ಆ ಕ್ಷಣವೇ ನಿಶ್ಚಯಿಸಿದೆ.

ಅದು ನಾವು ಜರ್ಮನಿಗೆ ಬಂದ ಹೊಸತರಲ್ಲಿ ಕೊಂಡ ಕಪಾಟು, ಗೋಡೆಯ ಈ ತುದಿಯಿಂದ ಆ ತುದಿಗೆ, ಓಕ್ ಮರದ್ದು. ಪುಕ್ಕಟೆ ಕೊಡುತ್ತೇವೆಂದರೂ ಈಗ ಯಾರಿಗೂ ಬೇಡ. ದೊಡ್ಡ ಸಾಮಾನು ಎಸೆಯಬೇಕಾದರೆ ಇಲ್ಲಿ ನಗರಸಭೆಗೆ ಹೇಳಿ ದಿನ ಗೊತ್ತು ಮಾಡಿಕೊಳ್ಳಬೇಕು. ಆ ಬೆಳಿಗ್ಗೆ ಮನೆ ಮುಂದೆ ರಾಶಿ ಹಾಕಿದರೆ ಲಾರಿ ಬಂದು ಒಯ್ಯುತ್ತದೆ. ಇದಕ್ಕೆ ಶ್ಪೆರ್‌ಮ್ಯುಲ್ ಎನ್ನುತ್ತಾರೆ. ಯಾರೋ ದಿನ ಬಿಟ್ಟುಕೊಟ್ಟಿದ್ದರಿಂದ ನಮಗೆ ಅದೃಷ್ಟವಶಾತ್ ಶುಕ್ರವಾರವೇ ಸಿಕ್ಕಿತು. ಅದೃಷ್ಟ ಎಂಬ ಪದವನ್ನು ನಾನು ಆಗ ಉಪಯೋಗಿಸಿದ್ದೆ.

ಮರುದಿನ ಮೆಟ್ಟಿಲ ಬಳಿ ಅಜ್ಜನೂ, ಅವರ ಹೆಂಡತಿಯ ಕಡೆಯ ಆ ಹುಡುಗಿಯೂ ಕಂಡರು. ನೆರೆಹೊರೆಯ ಧರ್ಮ ನೆನಪಾಗಿ ನಾನೇ ಹೇಳಿದೆ. "ಶುಕ್ರವಾರ ಲಾರಿ ಬರುತ್ತದೆ. ನಿಮ್ಮದೇನಾದರೂ ಇದ್ದರೆ ನಮ್ಮ ರಾಶಿಯಲ್ಲೇ ಇಡಿ."

"ಒಂದು ಹಲಗೆ ಇರುತ್ತದೆ" ಅಂದರು ಅಜ್ಜ. "ನೀವು ಏನು ಎಸೆಯುತ್ತಿದ್ದೀರಿ?"

"ಹೀಗೇ, ಹಳೇ ಸಾಮಾನು."

ಕಪಾಟು ಎಂದು ಬಾಯಿ ಬಿಟ್ಟಿದ್ದರೆ ಅಲ್ಲಿಗೆ ಎಲ್ಲ ಸರಿಯಾಗುತ್ತಿತ್ತು. ಆದರೆ ಹೇಳಿದರೆ ನಾನು ಜಾಗ ಮಾಡಿಕೊಂಡು ಬಾಯಿ ತೆರೆದು ಕಾಯುತ್ತಿದ್ದೇನೆಂದು ಗೊತ್ತಾಗಿಬಿಡುವುದಿಲ್ಲವೇ? ಇನ್ನೂ ಒಂದು ಸಲದ ಆಗ್ರಹ ಬಾಕಿಯಿತ್ತು. ಮರ್ಯಾದೆಯನ್ನು ಕೊನೆಯ ಗಳಿಗೆಯಲ್ಲಿ ಕಳೆದುಕೊಳ್ಳುವವನು ನಾನಲ್ಲ.

ಅದೇ ಸಂಜೆ ಮೇಲಿನಿಂದ ಕೈಗರಗಸದ ಸದ್ದು ಕೇಳಿಸಿತು. ನಿಧಾನವಾಗಿ, ನಡುನಡುವೆ ನಿಂತು, ಮತ್ತೆ ಶುರುವಾಗಿ. ಸಾಮಾನು ತುಂಬಲು ಪೆಟ್ಟಿಗೆ ಮಾಡುತ್ತಿದ್ದಾರೆ ಅಂದುಕೊಂಡೆ. ಸೊಂಟ ಸರಿಯಿಲ್ಲದವರು ಯಾಕೆ ಇದಕ್ಕೆ ಕೈ ಹಾಕಿದರೋ ಎಂದು ಮರುಕವೂ ಪಟ್ಟೆ. ಮೇಲೆ ಹೋಗಿ ನಾನು ಕೊಯ್ದು ಕೊಡುತ್ತೇನೆ ಎನ್ನೋಣವೆಂದು ಎದ್ದವನು, ಚಿತ್ರಕ್ಕೆ ಹಾತೊರೆದು ಬಂದ ಹಾಗೆ ಕಂಡೀತು ಎಂದು ಕೂತೆ.

ಶುಕ್ರವಾರ ಬೆಳಿಗ್ಗೆ ಬಾಗಿಲ ಮುಂದೆ 'ಒಂದು ಹಲಗೆ' ಆಗಲೇ ಇತ್ತು. ಆ ಹುಡುಗಿ ಮತ್ತು ಅವಳ ಗಂಡ ಇಳಿಸಿ ಇಟ್ಟು ಹೋಗಿದ್ದರು. ಉದ್ದನೆಯ ಹಾರ್ಡ್‌ಬೋರ್ಡು, ಹಿಂಬದಿ ಮೇಲಾಗಿ ಮಲಗಿತ್ತು, ಕಂದು ಬಣ್ಣ. ನಾನು ಅದರ ಮೇಲೆ ಕಪಾಟಿನ ಬಾಗಿಲುಗಳನ್ನು ಒಂದರ ಮೇಲೊಂದು, ಅಂಚಿಗೆ ಅಂಚು ಕೂಡಿಸಿ, ಅಚ್ಚುಕಟ್ಟಾಗಿ ಪೇರಿಸಿದೆ. ಅಳತೆ ಕೋಣೆಯ ಅಭ್ಯಾಸ. ಲಾರಿ ಬಂತು, ಹಿಂದಿನ ಬಾಯಿ ತೆರೆದು ಎಲ್ಲವನ್ನೂ ಅಗಿದು ನುಂಗಿತು. ನಾನು ಕಿಟಕಿಯಿಂದ ನೋಡಿದೆ. ಸಂತೋಷವಾಗಿತ್ತು.

ಆ ದಿನ ರಜೆ ಹಾಕಿ ಗೋಡೆಯ ತೂತುಗಳನ್ನು ಮುಚ್ಚಿ, ಬಿಳಿ ಬಣ್ಣ ಬಳಿದು, ಹೊಸ ಮೊಳೆ ಹೊಡೆದು, ಮೇಲಿನಿಂದ ಬೆಳಕು ಬೀಳಲೆಂದು ಒಂದು ದೀಪವನ್ನೂ ಕೂಡಿಸಿದೆ. ಸಂಜೆ ಅಜ್ಜನ ಫೋನು. "ಒಂದು ವಸ್ತು ಕೆಳಗೆ ನಿಮ್ಮ ಮನೆಗೆ ತರಬೇಕು. ಒಂದು ಕಡೆ ಹಿಡಿದುಕೊಳ್ಳುತ್ತೀರಾ?"

ಇದು ಮೂರನೆಯ ಸಲ. ನಾನು ಇಸ್ತ್ರಿಯ ಅಂಗಿ ಹಾಕಿಕೊಂಡು ಮೇಲೆ ಹೋದೆ.

ಬಾಗಿಲ ಹತ್ತಿರವೇ ಅದನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಒರಗಿಸಿದ್ದರು. ಉದ್ದವಿತ್ತು, ಅಗಲ ಮಾತ್ರ ಎರಡು ಗೇಣು. ಹಗುರವಿತ್ತು. ದೊಡ್ಡದರ ಜೊತೆಗೆ ಇನ್ನೊಂದು ಚಿಕ್ಕದನ್ನೂ ಕೊಡುತ್ತಿದ್ದಾರೆ ಅಂದುಕೊಂಡೆ. ಮುಂದಿನ ತುದಿ ನಾನು ಹಿಡಿದೆ. ಅಜ್ಜ ಹಿಂದಿನ ತುದಿಗೆ ಒಂದು ಕೈ, ಕಟಕಟೆಗೆ ಒಂದು ಕೈ ಕೊಟ್ಟು, ಮೆಟ್ಟಿಲಿಗೊಮ್ಮೆ ನಿಂತು ಇಳಿದರು. ಮೆಟ್ಟಿಲ ತಿರುವಿನಲ್ಲಿ ಅದು ಎಲ್ಲೂ ತಾಕದೆ ಸುಲಭವಾಗಿ ತಿರುಗಿತು. "ಈಗ ನೋಡಿ, ಹೇಗೆ ತಿರುಗುತ್ತದೆ!" ಅಂದರು ಹಿಂದಿನಿಂದ, ಖುಷಿಯಾಗಿ.

ನಮ್ಮ ಕೋಣೆಗೆ ಬಂದು ಅವರು ತಲೆಯೆತ್ತಿದರು. ಎದುರಿಗೆ ಬೋಳು ಬಿಳಿ ಗೋಡೆ, ಅದರ ಮೇಲೆ ಹೊಸ ದೀಪ.

"ನಿಮ್ಮ ಗೋಡೆ ಬೆಳೆದಿದೆ" ಅಂದರು.

ನಾನು ಚಾದರ ಬಿಚ್ಚಿದೆ. ಕಟಾವಾದ ಹೊಲ ಇತ್ತು. ದಾರಿ ಇತ್ತು, ಕಣಜ ಇತ್ತು. ಅದರ ಮೇಲೆ ಒಂದು ಗೇಣು ಬೆಳಕು, ನಂತರ ಗರಗಸದ ನೇರ ಅಂಚು, ಮರಳು ಕಾಗದದಿಂದ ನಯವಾಗಿ ಉಜ್ಜಿದ್ದು. ಮಳೆಯ ಕಾಲುಗಳು ಬಂದು ನೆಲ ಮುಟ್ಟುತ್ತಿದ್ದವು. ಮೋಡ ಇರಲಿಲ್ಲ.

"ಕಪಾಟು?" ಅಂದರು ಅಜ್ಜ.

"ತೆಗೆದೆ."

"ಯಾಕೆ?"

"ಚಿತ್ರಕ್ಕೆ."

ಅವರು ಮೆಲ್ಲಗೆ ಸೋಫಾದ ಮೇಲೆ ಕೂತರು. ಹೆಂಡತಿ ನೀರು ತಂದಿಟ್ಟು, ಚಿತ್ರ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು. ಅಳತೆ ಬರೆದು ಕೊಟ್ಟವಳು ಅವಳು.

"ಅಂದರೆ, ಬೇಕಿತ್ತು?"

"ಮೊದಲಿನಿಂದಲೂ."

"ಬೇಡ ಅಂದಿರಲ್ಲ."

ಹೆಂಡತಿಯೇ ತನಗೆ ಬರುವ ಜರ್ಮನ್‌ನಲ್ಲಿ ಹೇಳಿದಳು. ನಮ್ಮಲ್ಲಿ ಮೂರು ಸಲ ಕೇಳಬೇಕು, ಮೊದಲೆರಡು ಸಲ ಬೇಡ ಅನ್ನುತ್ತೇವೆ, ಅದು ಮರ್ಯಾದೆ.

ಅಜ್ಜ ನೀರಿನ ಲೋಟ ಪಕ್ಕಕ್ಕೆ ಸರಿಸಿದರು. "ನಿಜವಾಗಿಯೂ ಬೇಡವಾಗಿದ್ದರೆ?"

"ಆಗಲೂ ಮೂರು ಸಲ ಬೇಡ ಅಂತೇವೆ."

"ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?"

"ಗೊತ್ತಾಗುತ್ತದೆ" ಅಂದಳು ನನ್ನ ಹೆಂಡತಿ. ನಾನು ನೆಲ ನೋಡಿದೆ.

"ಉಳಿದ ಭಾಗ..." ಎಂದು ನಾನು ಕೇಳಿದೆ, ಗೊತ್ತಿದ್ದರೂ.

"ನಿಮ್ಮ ರಾಶಿಯಲ್ಲಿ ಇಡಿಸಿದೆ. ನೀವೇ ಹೇಳಿದ್ದಿರಿ." ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ನಕ್ಕರು. "ಇರಲಿ ಬಿಡಿ. ಹಲ್ಲಿನ ಡಾಕ್ಟರಿಗೆ ಕೊಯ್ದು ಕೊಟ್ಟಿದ್ದೇನೆ, ಹೆಣ ಹೂಳುವವನಿಗೆ ಕೊಯ್ದು ಕೊಟ್ಟಿದ್ದೇನೆ. ನೀವಾದರೂ ಸುಮ್ಮನೆ ಕೂತು ನೋಡಿದವರು."

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಉಪಕಾರ ಅವರು ಮಾಡಲಿಲ್ಲ. ಮೇಲೆ ಬಿಟ್ಟು ಬರಲು ಹೋದಾಗ, ಬಾಗಿಲಲ್ಲಿ, ಆ ಚಿತ್ರದಲ್ಲಿ ನಾನು ಏನು ನೋಡುತ್ತಿದ್ದೆ ಎಂಬುದನ್ನು ಹೇಳಿದೆ: ಎರೆಹೊಲ, ಕಡಲೆ, ಪಕ್ಕದೂರಿನ ಮಳೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದರು. "ಇದನ್ನು ಮೊದಲೇ ಹೇಳಿದ್ದರೆ ನಾನು ನಿಮ್ಮ ಕಪಾಟನ್ನು ಕೊಯ್ಯುತ್ತಿದ್ದೆ" ಅಂದರು.

ಶನಿವಾರ ಬೆಳಿಗ್ಗೆಯೇ ಕಸ ಸಂಗ್ರಹಿಸುವ ಅಂಗಳಕ್ಕೆ ಹೋಗಿ ವಿಚಾರಿಸಿದೆ. ಲಾರಿಯೊಳಗೆ ಹೋದದ್ದು ದಾರಿಯಲ್ಲೇ ಪುಡಿಯಾಗುತ್ತದೆ, ಅಲ್ಲಿಂದ ಸುಡುವಲ್ಲಿಗೆ ಹೋಗುತ್ತದೆ ಎಂದ ಅಲ್ಲಿದ್ದವನು. ಏನು ಕಳೆದಿದೆ ಎಂದು ಕೇಳಿದ. ಒಂದು ಹಲಗೆ ಅಂದೆ. ಹಲಗೆ ಬೇಕಿದ್ದರೆ ಅಲ್ಲಿ ಆ ಮೂಲೆಯಲ್ಲಿ ಬೇಕಾದಷ್ಟಿವೆ, ಒಯ್ಯಿರಿ ಅಂದ.

ವಾಪಸು ಬಂದವನು ನೇರ ಮೇಲೆ ಹೋದೆ. ಅಜ್ಜ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಹೊಸ ಹಲಗೆ ತಂದು ಕೊಡುತ್ತೇನೆ, ಆಕಾಶವನ್ನು ಇನ್ನೊಮ್ಮೆ ಬರೆಯಿರಿ, ಎರಡನ್ನೂ ಕೂಡಿಸುವುದು ನನಗೆ ಬಿಡಿ, ಕೂಡಿಸಿದ್ದು ಕಾಣದ ಹಾಗೆ ಕೂಡಿಸುತ್ತೇನೆ ಎಂದೆ.

"ಬೇಡ" ಅಂದರು.

ಬಣ್ಣ, ದೀಪ, ಕೂರಲು ಎತ್ತರದ ಕುರ್ಚಿ ಎಲ್ಲ ನಾನು ಒದಗಿಸುತ್ತೇನೆ, ನಮ್ಮ ಕೋಣೆಯಲ್ಲೇ ಬರೆಯಿರಿ, ಮೆಟ್ಟಿಲು ಒಂದೇ ಮಹಡಿ ಅಂದೆ.

"ಬೇಡ."

ಬೇಸಿಗೆಗೆ ಸೊಂಟ ಸುಧಾರಿಸಬಹುದು, ಆಗ ಬರೆಯಿರಿ ಅಂದೆ.

ಅವರು ಬಲಗೈಯನ್ನು ನನ್ನ ಮುಂದೆ ಚಾಚಿ ಹಿಡಿದರು. ಅದು ಅದುರುತ್ತಿತ್ತು. "ಗರಗಸ ಹಿಡಿದದ್ದೇ ದೊಡ್ಡದು. ಮೂರು ಸಲ ಆಯಿತಲ್ಲ? ಬೇಡ."

ಮುಂದಿನ ತಿಂಗಳು ಅಜ್ಜ ವೃದ್ಧಾಶ್ರಮಕ್ಕೆ ಹೋದರು. ಮೇಲಿನ ಮನೆಗೆ ಹೊಸಬರು ಬಂದಿದ್ದಾರೆ. ಭಾನುವಾರ ನಾನು ಬಸ್ಸು ಹತ್ತಿ ಅಜ್ಜನನ್ನು ನೋಡಲು ಹೋಗುತ್ತೇನೆ, ಪರದೆಗಳು ಹಸಿರು. ಚಿತ್ರದ ಸುದ್ದಿ ಅವರು ತೆಗೆಯುವುದಿಲ್ಲ.

ಚಿತ್ರವನ್ನು ಗೋಡೆಯ ನಡುವೆ ಹಾಕಿದ್ದೇವೆ, ಹಲಗೆ ಪೂರ್ತಿ ಇದ್ದಿದ್ದರೆ ಅದರ ಕೆಳಗಿನ ಅಂಚು ಎಲ್ಲಿಗೆ ಬರುತ್ತಿತ್ತೋ ಅಲ್ಲಿ. ಅದರ ಮೇಲೆ ಗೋಡೆ ಖಾಲಿ ಇದೆ.